ಓಪನ್ ಸೋರ್ಸ್ ಕಾಯಿನ್ ಅಂದರೆ ಮೋಸ ಇರಲ್ವಾ?

“ನಮ್ಮ ಕಾಯಿನ್ ಓಪನ್ ಸೋರ್ಸ್, ಬ್ಲಾಕ್‌ಚೈನ್‌ಗೆ ಕೋಡ್ ಬರೆದ ಡೆವಲಪರ್ ಮಾಡಿದ್ದು, ಮೋಸಕ್ಕೆ ಜಾಗವೇ ಇಲ್ಲ” ಎಂಬಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ.

ಬ್ಲಾಕ್‌ಚೈನ್ ಎಂದರೇನು?
ಪಾಂಡವಪುರದಲ್ಲೋ ಕೆ.ಆರ್. ಪೇಟೆಯಲ್ಲೋ 20 ಜನರ ಚೀಟಿ ಇದೆ ಎಂದುಕೊಳ್ಳಿ. ಲೆಕ್ಕದ ಪುಸ್ತಕ ಒಬ್ಬರ ಬಳಿಯೇ ಇದ್ದರೆ ಅವರು ತಿದ್ದಬಹುದು. ಎಲ್ಲರ ಬಳಿಯೂ ಪ್ರತಿ ಇದ್ದರೆ ಕಳ್ಳಲೆಕ್ಕ ಸಿಕ್ಕಿಬೀಳುತ್ತದೆ. 2009ರಲ್ಲಿ ಶುರುವಾದ ಬಿಟ್‌ಕಾಯಿನ್ ಕೆಲಸ ಮಾಡುವುದು ಹೀಗೆ. ನಡುವೆ ಯಜಮಾನನಿಲ್ಲದೆ ಕಂಪ್ಯೂಟರ್‌ಗಳು ನೇರವಾಗಿ ಲೆಕ್ಕ ಹಂಚಿಕೊಳ್ಳುವುದೇ ಪೀರ್-ಟು-ಪೀರ್.

ಡೆವಲಪರ್ ಕೊಡುಗೆ ಎಂದರೆ?
ಅದರ ಕೋಡ್ ಯಾರು ಬೇಕಾದರೂ ಓದಬಹುದು. ನಾಗಮಂಗಲದಲ್ಲಿ ಕೂತು ತಿದ್ದುಪಡಿಯನ್ನೂ ಸೂಚಿಸಬಹುದು. ಉಳಿದವರು ಪರಿಶೀಲಿಸಿದ ಮೇಲಷ್ಟೇ ಅದು ಸೇರುತ್ತದೆ. ಒಂದು ಕಾಗುಣಿತ ತಪ್ಪು ಸರಿಪಡಿಸಿದವರೂ ಕೊಡುಗೆದಾರರೇ!

ಹಾಗಾದರೆ ನಂಬಬಹುದೇ?
ಹೆಸರು ನೋಡಿ ನಂಬಬೇಡಿ. ಎಕ್ಸ್‌ಝಡ್ ಎಂಬ ಓಪನ್ ಸೋರ್ಸ್ ತಂತ್ರಾಂಶಕ್ಕೆ ಎರಡು ವರ್ಷ ಕೆಲಸ ಮಾಡಿ ವಿಶ್ವಾಸ ಗಳಿಸಿದವರೇ ಅದರಲ್ಲಿ ಕಳ್ಳದಾರಿ ಇಟ್ಟಿದ್ದರು. ಲಾಗಿನ್ ಅರ್ಧ ಸೆಕೆಂಡ್ ತಡವಾಗಿದ್ದನ್ನು ಗಮನಿಸಿದ ಆಂಡ್ರೆಸ್ ಫ್ರೂಂಡ್ ಎಂಬ ಡೆವಲಪರ್ 2024ರ ಮಾರ್ಚ್‌ನಲ್ಲಿ ಅದನ್ನು ಬಯಲು ಮಾಡಿದರು. ಕೋಡ್ ತೆರೆದಿದ್ದರಿಂದ ಹುಡುಕಲು ಸಾಧ್ಯವಾಯಿತು, ಆದರೆ ಹುಡುಕುವವರು ಬೇಕು.

ಬ್ಲಾಕ್‌ಚೈನ್ ಲೆಕ್ಕವನ್ನು ಕಾಯುತ್ತದೆ, ದುಡ್ಡು ಕೇಳುವವರ ಪ್ರಾಮಾಣಿಕತೆಯನ್ನಲ್ಲ. ಒಮ್ಮೆ ಕಳಿಸಿದ ಕಾಯಿನ್ ವಾಪಸ್ ತರಿಸಲು ಬ್ಯಾಂಕ್ ಮ್ಯಾನೇಜರ್ ಇಲ್ಲ. ಲಾಭದ ಮೇಲೆ ಸರ್ಕಾರ 30% ತೆರಿಗೆ ಹಾಕುತ್ತದೆ ಎಂದರೆ ನಿಮ್ಮ ಹಣಕ್ಕೆ ಗ್ಯಾರಂಟಿ ಕೊಟ್ಟಿದೆ ಎಂದೂ ಅಲ್ಲ.

ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಶ್ರೀರಂಗಪಟ್ಟಣದ ನೆಂಟರಿಗೆ ಫಾರ್ವರ್ಡ್ ಮಾಡುವುದಿದ್ದರೆ ಇದನ್ನೇ ಮಾಡಿ.