ಅಟ್ಟದ ಮೇಲಿನ ಸಿಡಿಗಳು

ಮೊನ್ನೆ ಕುಂದಾಪುರಕ್ಕೆ ಹೋದಾಗ ಅಟ್ಟ ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ರಟ್ಟಿನ ಪೆಟ್ಟಿಗೆ ತುಂಬ ಸಿಡಿ! ಯಕ್ಷಗಾನದ್ದು, ಅಕ್ಕನ ಮದುವೆಯದ್ದು, ನನ್ನ ಇಂಜಿನಿಯರಿಂಗ್ ಪ್ರಾಜೆಕ್ಟಿನದ್ದೂ. ನನ್ನ ಲ್ಯಾಪ್‌ಟಾಪಿನಲ್ಲೋ ಸಿಡಿ ಡ್ರೈವೇ ಇಲ್ಲ.

"ಬಚ್ಲ ಒಲಿಗ್ ಹಾಕ್ ಮಗಾ, ನೀರಾರೂ ಕಾಯ್ಲಿ" ಅಂದರು ಅಮ್ಮ.

ಹಾಕಲಿಲ್ಲ. ಹಿಂದಿನವರು ಬೇಡವಾದ ತಟ್ಟೆಗಳನ್ನು ಏನು ಮಾಡುತ್ತಿದ್ದರು ಅನ್ನೋ ಹುಳ ತಲೆಗೆ ಹೊಕ್ಕಿತು.

1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ ಕಾಲದ ಗ್ರಾಮಫೋನ್ ತಟ್ಟೆಗಳನ್ನು ಅರಗು ಬೆರೆಸಿ ಮಾಡುತ್ತಿದ್ದರು. ಆ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಎರಡನೇ ಮಹಾಯುದ್ಧದಲ್ಲಿ ಅದು ಸಿಗುವುದು ಕಷ್ಟವಾದಾಗ, 1942ರಲ್ಲಿ ಅಮೆರಿಕದ ಅಂಗಡಿಗಳು ಹೊಸ ತಟ್ಟೆ ಬೇಕಿದ್ದರೆ ಹಳೆಯದನ್ನು ತನ್ನಿ ಅನ್ನತೊಡಗಿದವು. ಅಂದರೆ ಒಡೆದ ತಟ್ಟೆಗೂ ಬೆಲೆಯಿತ್ತು.

1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ತಂದ ಸಿಡಿಗೆ ಆ ಭಾಗ್ಯವಿಲ್ಲ. ಸುಮಾರು 15 ಗ್ರಾಂ ತೂಕ, ಹೆಚ್ಚುಕಡಿಮೆ ಅಷ್ಟೂ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಮೇಲೊಂದು ತೆಳ್ಳನೆಯ ಅಲ್ಯೂಮಿನಿಯಂ ಪದರ. ಪದರ ತೆಗೆದು ಪುಡಿ ಮಾಡಿದರೆ ಪ್ಲಾಸ್ಟಿಕ್ ಮತ್ತೆ ಬಳಕೆಗೆ ಬರುತ್ತದೆ. ಆದರೆ ನಾಲ್ಕೈದು ಸಿಡಿ ಹಿಡಿದು ಹೋದರೆ ಯಾವ ಗುಜರಿಯವನಿಗೆ ಬೇಕು? ರಾಶಿಯಾದರೆ ಮಾತ್ರ ಅದಕ್ಕೆ ಗಿರಾಕಿ. ಒಲೆಗೆ ಹಾಕಿದರೆ ವಿಷದ ಹೊಗೆ; ಆ ಬೂದಿಯನ್ನೇ ತಾನೇ ನಾವು ತೆಂಗಿನ ಬುಡಕ್ಕೆ ಹಾಕೋದು!

ಬೈಂದೂರಿನ ಮಾವ ನೆಲಗಡಲೆ ಗದ್ದೆಗೆ ನವಿಲು ಬಾರದಿರಲಿ ಅಂತ ಹತ್ತು ಸಿಡಿ ಒಯ್ದರು. ಮಳೆಗಾಲಕ್ಕೆ ಮೊದಲು ಬಿಚ್ಚಿಡಿ, ಇಲ್ಲದಿದ್ದರೆ ಪದರ ಎದ್ದು ಗದ್ದೆಗೇ ಬೀಳುತ್ತದೆ ಅಂದಿದ್ದೇನೆ.

ಉಳಿದವನ್ನು ಕೊಡುವ ಮೊದಲು ಬ್ರಹ್ಮಾವರದ ಗೆಳೆಯನಿಂದ ಹಳೇ ಡ್ರೈವ್ ತಂದು ಒಂದೊಂದಾಗಿ ಹಾಕಿ ನೋಡಿದೆ. ಅಂಗಡಿಯಲ್ಲಿ ಕೊಂಡವು ಸರಿಯಾಗಿಯೇ ಓಡಿದವು. ಮನೆಯಲ್ಲಿ ರೈಟ್ ಮಾಡಿದ ಸಿಡಿಗಳಲ್ಲಿ ಮಾಹಿತಿ ಕೂರುವುದು ಒಂದು ಬಗೆಯ ಬಣ್ಣದ ಪದರದಲ್ಲಿ. ಬಿಸಿಲು, ಸೆಕೆಗೆ ಅದು ಹಾಳಾಗುತ್ತದೆ. ಅಪ್ಪ ಊರಿನ ಆಟದಲ್ಲಿ ವೇಷ ಹಾಕಿದ್ದ ಸಿಡಿಯೂ ಅಂಥದ್ದೇ. ಅರ್ಧಕ್ಕೇ ನಿಂತುಹೋಯಿತು... ಅಪ್ಪ ಈಗಿಲ್ಲ. ಸಿಕ್ಕ ಅರ್ಧವನ್ನು ಎರಡು ಕಡೆ ಕಾಪಿ ಮಾಡಿಟ್ಟೆ. ಆ ಸಿಡಿಯನ್ನು ಮಾತ್ರ ಯಾರಿಗೂ ಕೊಡಲಿಲ್ಲ.

ಮಿಕ್ಕವನ್ನು ಬೆಂಗಳೂರಿಗೆ ತಂದು, ತಗೊಳ್ತೀರಾ ಅಂತ ಮೊದಲೇ ಫೋನಿನಲ್ಲಿ ಕೇಳಿ, ಇ-ತ್ಯಾಜ್ಯದವರಿಗೆ ಕೊಟ್ಟೆ. ಬ್ಯಾಂಕಿನ ಕಾಗದ ಇದ್ದ ಸಿಡಿಗಳ ಲೇಬಲ್ ಬದಿಯನ್ನು ಮೊಳೆಯಿಂದ ಗೀಚಿದ್ದೆ. ಮಾಹಿತಿ ಇರೋದು ಆ ಬದಿಯಲ್ಲೇ, ಹೊಳೆಯುವ ಬದಿಯಲ್ಲಲ್ಲ.

ಒಣಕಸ ಬೇರ್ಪಡಿಸೋದು ನಮ್ಮೂರ ಕಡೆ ಹೊಸತಲ್ಲ, ವಂಡ್ಸೆ ಪಂಚಾಯತಿ ಅದನ್ನು ಮಾಡಿ ತೋರಿಸಿದೆ. ಊರಿನವರ ಸಿಡಿಗಳೆಲ್ಲ ಹಾಗೆ ಒಂದು ಕಡೆ ಸೇರಿದರೆ ರಾಶಿಯಾಗದೇ ಇರುತ್ತದೆಯೇ?

ನಿಮ್ಮ ಅಟ್ಟದ ಮೇಲೆ ಎಷ್ಟಿವೆ ಮಾರಾಯ್ರೆ? ಈ ಮಳೆಗಾಲಕ್ಕೆ ಮೊದಲೇ ಒಮ್ಮೆ ಓಡಿಸಿ ನೋಡಿ :)