ಸರದಿಯಲ್ಲಿ ಸಿಕ್ಕಿದ ಮಾತು: ಸಣ್ಣ ಕಚೇರಿಯ ರೂಟರ್ ಮತ್ತು ಇಂಟರ್‌ನೆಟ್ ದೂರವಾಣಿ

ಹತ್ತು ಜನ ಕೆಲಸ ಮಾಡುವ ಲೆಕ್ಕಪತ್ರದ ಕಚೇರಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೇಜಿಗೊಂದು ಐಪಿ ಫೋನ್ ಇದೆ. ತಿಂಗಳ 20ನೇ ತಾರೀಖು, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡಿಬಿಡಿ. ಯಾರೋ ಲೆಕ್ಕದ ಕಡತಗಳ ಬ್ಯಾಕಪ್ಪನ್ನು ಕ್ಲೌಡ್‌ಗೆ ಏರಿಸಲು ಬಿಟ್ಟರೆ ಸಾಕು, ‘ಹಲೋ, ಕೇಳಿಸ್ತಾ ಇದೆಯಾ?’ ಶುರುವಾಗುತ್ತದೆ. ಗ್ರಾಹಕರ ಮಾತು ಇಲ್ಲಿಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದರೂ ಇಲ್ಲಿಯ ಮಾತು ಅವರಿಗೆ ತುಂಡುತುಂಡಾಗಿ ತಲುಪುತ್ತದೆ.

ರೋಗದ ಗುರುತು ಅಲ್ಲೇ ಇದೆ. ಆದರೂ ಸಿಗುವ ಸಲಹೆ ಒಂದೇ: ದೊಡ್ಡ ಪ್ಲಾನ್ ಹಾಕಿಸಿ.

ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಜಿ.711 ಎಂಬ ಹಳೆಯ, ನಂಬಿಕಸ್ಥ ಕೊಡೆಕ್ 20 ಮಿಲಿಸೆಕೆಂಡಿನ ಮಾತನ್ನು 160 ಬೈಟುಗಳಲ್ಲಿ ಕಟ್ಟುತ್ತದೆ. ವಿಳಾಸ ಮುಂತಾದ ತಲೆಬರಹಕ್ಕೆ ಇನ್ನು 40 ಬೈಟು. ಸೆಕೆಂಡಿಗೆ ಇಂಥ 50 ಪ್ಯಾಕೆಟ್‌ಗಳು. ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ 80 ಕಿಲೋಬಿಟ್. ಐದು ಜನ ಒಟ್ಟಿಗೆ ಮಾತಾಡಿದರೂ ಅರ್ಧ ಮೆಗಾಬಿಟ್ ದಾಟದು. ಹಾಗಾಗಿ ಕೊರತೆ ಇರುವುದು ಜಾಗದ್ದಲ್ಲ, ಹೊತ್ತಿನದು.

ಮೋಡೆಮ್ ತನ್ನ ಬಫರ್‌ನಲ್ಲಿ 256 ಕಿಲೋಬೈಟ್ ಸರದಿ ನಿಲ್ಲಿಸಿಕೊಂಡಿದೆ, ಮೇಲೇರುವ ವೇಗ 2 ಮೆಗಾಬಿಟ್ ಎಂದಿಟ್ಟುಕೊಂಡರೆ, ಆ ಸರದಿ ಕರಗಲು ಸುಮಾರು ಒಂದು ಸೆಕೆಂಡ್ ಬೇಕು. ಬ್ಯಾಕಪ್ಪಿನ ಹಿಂದೆ ನಿಂತ ಮಾತೂ ಅಷ್ಟು ಹೊತ್ತು ಕಾಯಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ, ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆಗೆ ತೊಡಕಿಲ್ಲ. ಜಿಮ್ ಗೆಟಿಸ್ ಈ ರೋಗವನ್ನು ಬಫರ್‌ಬ್ಲೋಟ್ ಎಂದು ಕರೆದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್, ಸರದಿ ಬೆಳೆಯದಂತೆ ನೋಡಿಕೊಳ್ಳುವ ಕೋಡೆಲ್ ಎಂಬ ಮದ್ದು ಕೊಟ್ಟರು. ಅದರ ಮುಂದುವರಿಕೆಯಾದ ಎಫ್‌ಕ್ಯೂ-ಕೋಡೆಲ್ 2018ರಲ್ಲಿ ಆರ್‌ಎಫ್‌ಸಿ 8290 ಆಗಿ ಪ್ರಕಟವಾಯಿತು.

ಆದ್ದರಿಂದ ರೂಟರ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ವೈಫೈ ವೇಗಕ್ಕಿಂತ ಈ ಸೌಲಭ್ಯ ಇದೆಯೇ ಎಂದು ನೋಡುವುದು ಮುಖ್ಯ. ಅಳೆದ ಅಪ್‌ಲೋಡ್ ವೇಗದ ಶೇ. 90ರ ಆಸುಪಾಸಿನಲ್ಲಿ ಮಿತಿ ಹಾಕಬೇಕು. ಆಗ ಸರದಿ ಮೋಡೆಮ್ ಬಿಟ್ಟು ರೂಟರ್‌ಗೆ ಬರುತ್ತದೆ, ಮಾತಿಗೆ ದಾರಿ ಬಿಡಿಸುವುದು ಅಲ್ಲಿ ಸಾಧ್ಯ. ಫೋನ್ ತನ್ನ ಪ್ಯಾಕೆಟ್‌ಗಳಿಗೆ ಹಾಕುವ ಡಿಎಸ್‌ಸಿಪಿ 46 ಎಂಬ ಆದ್ಯತೆಯ ಗುರುತು ಕಚೇರಿಯೊಳಗೆ ಉಪಯೋಗಕ್ಕೆ ಬರುತ್ತದೆ. ಹೊರಗಿನ ಜಾಲ ಅದನ್ನು ಮನ್ನಿಸುತ್ತದೆಂಬ ಖಾತರಿ ಇಲ್ಲ.

ಒಂದು ಕಡೆಯ ದನಿ ಪೂರ್ತಿ ಇಲ್ಲವಾದರೆ ದೋಷ ಬೇರೆ. ಫೋನ್ ತನ್ನ ಒಳವಿಳಾಸವನ್ನು, ಉದಾಹರಣೆಗೆ 192.168.1.20 ಎಂದು, ಕರೆ ಹೊಂದಿಸುವ ಸಿಪ್ ಸಂದೇಶದೊಳಗೆ ಬರೆದು ಕಳಿಸುತ್ತದೆ. ಹೊರಗಿನವರಿಗೆ ಆ ವಿಳಾಸಕ್ಕೆ ದಾರಿಯೇ ಇಲ್ಲ. ಇದನ್ನು ತಿದ್ದಲೆಂದೇ ಇರುವ ಸಿಪ್ ಎಎಲ್‌ಜಿ ಎಷ್ಟೋ ರೂಟರ್‌ಗಳಲ್ಲಿ ಸಂದೇಶವನ್ನೇ ಕೆಡಿಸುತ್ತದೆ. ಅದನ್ನು ಆಫ್ ಮಾಡಿ, ತಿದ್ದುವ ಕೆಲಸವನ್ನು ಸೇವೆ ಕೊಡುವವರ ಸರ್ವರ್‌ಗೆ ಬಿಡುವುದು ಲೇಸು.

ಕೊನೆಯದು ಕರೆಂಟು. ಹಳೆಯ ತಾಮ್ರದ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಕತ್ತಲಲ್ಲೂ ಫೋನ್ ರಿಂಗಾಗುತ್ತಿತ್ತು. ಐಪಿ ಫೋನಿಗೆ ಆ ಆಸರೆ ಇಲ್ಲ. ಕಂಪ್ಯೂಟರುಗಳಿಗಷ್ಟೇ ಯುಪಿಎಸ್ ಕೊಟ್ಟ ಕಚೇರಿಯಲ್ಲಿ ಪರದೆಗಳು ಬೆಳಗುತ್ತಿದ್ದರೂ 112ಕ್ಕೆ ಕರೆ ಹೋಗದು. ಫೈಬರ್ ಪೆಟ್ಟಿಗೆ, ರೂಟರ್, ಫೋನಿಗೆ ವಿದ್ಯುತ್ ಕೊಡುವ ಸ್ವಿಚ್, ಈ ಮೂರರ ಪ್ಲಗ್ಗೂ ಯುಪಿಎಸ್ಸಿನಲ್ಲೇ ಇರಬೇಕು.