ದಾಖಲೆಯಲ್ಲಿ ಬೆಂಕಿ, ಎದೆಯಲ್ಲಿ ಹೊಗೆ

‘ಕಿಡಕಿ ಹಾಕೋ, ರವದಿಗೆ ಬೆಂಕಿ ಹಚ್ಯಾರ.’ ಚಳಿಗಾಲದಲ್ಲಿ ಕುಡಚಿಗೆ ಹೋದಾಗಲೆಲ್ಲ ಅವ್ವನಿಂದ ಕೇಳುವ ಮಾತಿದು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಯೇ ರವದಿ. ಸಂಜೆ ಕಡ್ಡಿ ಗೀರಿದರೆ ಬೆಳಗಿನ ಹೊತ್ತಿಗೆ ಕೃಷ್ಣೆಯ ದಂಡೆಗುಂಟ ಹೊಗೆ ಹಾಸಿಕೊಂಡಿರುತ್ತದೆ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲೇರುವುದಿಲ್ಲ. ಹೊಗೆಯೂ ಅದರೊಂದಿಗೆ ಕೆಳಗೇ ನಿಲ್ಲುತ್ತದೆ. ಆಯಿ ಮೂಗಿಗೆ ಸೆರಗು ಹಿಡಿದು ಕೆಮ್ಮುತ್ತ ಕೂಡುತ್ತಾಳೆ.

ಅರಣ್ಯದ ಇತಿಹಾಸ ಓದುವ ನನ್ನನ್ನು ಆ ಸೆರಗು ಬಹಳ ದಿನದಿಂದ ಕಾಡಿದೆ. ಬೆಂಕಿಗೆ ಒಂದೂವರೆ ಶತಮಾನದಿಂದ ಕಾನೂನು ಇದೆ. ಹೊಗೆ ಸರ್ಕಾರದ ಕಣ್ಣಿಗೆ ಬಿದ್ದದ್ದು ಯಾವಾಗ?

ಘಟ್ಟದ ಕಾಡುಗಳಲ್ಲಿ ಗಿಡಮರ ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತುವ ಕುಮರಿ ಬೇಸಾಯವಿತ್ತು. ಬ್ರಿಟಿಷ್ ಅಧಿಕಾರಿಗಳು ಅದನ್ನು ದುಂದು ಎಂದರು. 1860ರಲ್ಲಿ ಮದ್ರಾಸ್ ಸರ್ಕಾರ ಅನುಮತಿಯಿಲ್ಲದ ಕುಮರಿಯನ್ನು ತಡೆಯಿತು. 1878ರ ಅರಣ್ಯ ಕಾಯ್ದೆ, ಆಮೇಲೆ 1927ರ ಕಾಯ್ದೆಯ 26ನೆಯ ಕಲಂ, ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದನ್ನು ಅಪರಾಧ ಮಾಡಿದವು. ಇವುಗಳ ಚಿಂತೆ ತೇಗ ಮತ್ತು ಆದಾಯ. ಹೊಗೆ ಕುಡಿದವರ ಎದೆಯ ಲೆಕ್ಕ ಅಲ್ಲಿರಲಿಲ್ಲ.

1952ರ ಡಿಸೆಂಬರಿನಲ್ಲಿ ಲಂಡನ್ನಿನ ಕಲ್ಲಿದ್ದಲ ಹೊಗೆ ಐದು ದಿನ ಕವಿದು ಸಾವಿರಾರು ಜನ ಸತ್ತ ಮೇಲೆ, 1956ರಲ್ಲಿ ಅಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು. ನಮ್ಮಲ್ಲಿ ವಾಯುಮಾಲಿನ್ಯ ಕಾಯ್ದೆ ಬಂದದ್ದು 1981ರಲ್ಲಿ. ಅದರ 19ನೆಯ ಕಲಂ ಪ್ರಕಾರ, ಇಂಧನವಲ್ಲದ ವಸ್ತುವನ್ನು ಸುಟ್ಟು ಗಾಳಿ ಕೆಡುವಂತಿದ್ದರೆ ರಾಜ್ಯ ಸರ್ಕಾರ ಅದನ್ನು ನಿಷೇಧಿಸಬಹುದು. ಜನಸಾಮಾನ್ಯರಿಗೆ ಅರ್ಥವಾಗುವ ವಾಯು ಗುಣಮಟ್ಟ ಸೂಚ್ಯಂಕ ಬಂದದ್ದು 2015ರಲ್ಲಿ.

ಹಾಗಿದ್ದೂ ಹಳೆಯ ರೂಢಿ ಹೋಗಿಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತೆಂಬುದು ನಮಗೆ ನೆನಪಿದೆ. ಕಾಡಂಚಿನ ಹಾಡಿಗಳ ಜನ ಆ ದಿನಗಳಲ್ಲಿ ಹೇಗೆ ಉಸಿರಾಡಿದರೆಂದು ಕೇಳಿದವರು ಕಡಿಮೆ.

ನಮ್ಮ ಕಡೆ ಕಾಡಿಲ್ಲ, ಕಬ್ಬಿದೆ. ಉಗಾರದ ಸಕ್ಕರೆ ಕಂಪನಿ ಹುಟ್ಟಿದ್ದು 1939ರಲ್ಲಿ. ಇಂದು ಕೃಷ್ಣೆಯ ಎರಡೂ ದಂಡೆಗೆ ಕಬ್ಬೇ ಕಬ್ಬು. ರೈತ ರವದಿ ಸುಡುವುದು ಹಟಕ್ಕಲ್ಲ. ಕೂಳೆ ಬೆಳೆಗೆ ಹೊಲ ಬೇಗ ತೆರವಾಗಬೇಕು, ಕೂಲಿ ದುಬಾರಿ. ಆದರೆ ಆ ಹೊಗೆಯನ್ನು ಮೊದಲು ಕುಡಿಯುವವರು ಹೊಲದ ಬದಿಗೇ ಗುಡಿಸಲು ಹಾಕಿದ ಕಬ್ಬು ಕಡಿಯುವ ಗ್ಯಾಂಗಿನವರು, ಅವರ ಮಕ್ಕಳು.

ಹೊಗೆಯಲ್ಲಿ ಅಪಾಯಕಾರಿಯಾದದ್ದು 2.5 ಮೈಕ್ರಾನಿಗಿಂತ ಸಣ್ಣ ಕಣ. ಕೂದಲಿನ ದಪ್ಪದ ಮೂವತ್ತರಲ್ಲೊಂದು ಪಾಲಿನ ಆ ಕಣ ಪುಪ್ಪುಸದ ಆಳಕ್ಕಿಳಿಯುತ್ತದೆ. ಸೆರಗು, ಒದ್ದೆ ಟವೆಲ್ಲು ಅದನ್ನು ತಡೆಯಲಾರವು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ತಡೆಯುತ್ತದೆ. ಹೊಗೆಯ ದಿನ ವಯಸ್ಸಾದವರು, ಬಸುರಿಯರು, ಮಕ್ಕಳು, ದಮ್ಮಿನವರು ಕಿಡಕಿ ಮುಚ್ಚಿದ ಒಳಕೋಣೆಯಲ್ಲಿರಬೇಕು. ಅಲ್ಲಿ ಊದಿನಕಡ್ಡಿ, ಸೊಳ್ಳೆಬತ್ತಿ ಹಚ್ಚಬಾರದು. ಬೆಳಗಿನ ಓಟವನ್ನು ಹೊಗೆ ಚದುರುವ ತನಕ ಮುಂದೂಡಬೇಕು. ಮೊಬೈಲಿನಲ್ಲಿ ಸೂಚ್ಯಂಕ 200 ದಾಟಿದ್ದರೆ ಗಾಳಿ ಕೆಟ್ಟಿದೆ ಎಂದರ್ಥ. ಮಾಪನ ಕೇಂದ್ರ ದೂರವಿದ್ದರೆ ಕಣ್ಣುರಿ, ವಾಸನೆಯನ್ನೇ ನಂಬಬೇಕು. ಉಸಿರು ಕಟ್ಟಿದರೆ, ಎದೆ ನೋವಾದರೆ ದವಾಖಾನೆಗೆ ಹೋಗಲು ಬೆಳಗಾಗಲಿ ಎಂದು ಕಾಯಬಾರದು.

ಇವೆಲ್ಲ ಹೊಗೆ ಬಂದ ಮೇಲಿನ ಉಪಾಯ. ರವದಿಯನ್ನು ಯಂತ್ರದಿಂದ ಪುಡಿ ಮಾಡಿ ಸಾಲಿನ ನಡುವೆ ಹರಡಿದರೆ ತೇವ ಉಳಿಯುತ್ತದೆ, ಕಸ ಕಡಿಮೆಯಾಗುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಯಂತ್ರದ ಬಾಡಿಗೆಗೆ ನೆರವಿಲ್ಲದೆ ದಂಡದ ಬೆದರಿಕೆಯಷ್ಟೇ ಇದ್ದರೆ, ಕುಮರಿಯವರಿಗೆ ಆದದ್ದೇ ಸಣ್ಣ ರೈತನಿಗೂ ಆಗುತ್ತದೆ.

ಈ ಸಲ ಆಯಿಗೆ ಮಾಸ್ಕ್ ಒಯ್ದಿದ್ದೆ. ಕಟ್ಟಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಕೇಳಿದಳು: ‘ನನಗೇನೋ ತಂದಿ. ಹೊಲದಾಗಿನ ಆ ಕೂಸುಗಳಿಗೆ?’